ಮನ್ನಾರಿನಿಂದ ಮಾತಲೆಯವರೆಗೆ

ಶ್ರೀಲಂಕಾ ನೋಡಲು ಹೋಗುವವರು ಮನ್ನಾರಿಗೆ ಹೋಗುವುದು ಕಡಿಮೆ. ಕ್ಯಾಂಡಿಯ ದಂತ ದೇವಾಲಯ, ಸಿಗಿರಿಯದ ಬಂಡೆ, ನುವರ ಎಲಿಯದ ಚಳಿ, ಯಾಲದ ಚಿರತೆ, ಕೊನೆಗೆ ಕೊಲಂಬೊದಲ್ಲಿ ಒಂದು ದಿನ ಅಂಗಡಿ ಸುತ್ತಾಟ, ಇಷ್ಟೇ ಎಲ್ಲರ ಪಟ್ಟಿ. 2023ರ ಆಗಸ್ಟ್ ಕೊನೆಯ ವಾರ ನಾವು ಹೊರಟಾಗ ನಾನು ಹಟ ಹಿಡಿದು ಮನ್ನಾರನ್ನೂ ಸೇರಿಸಿದೆ. "ಅಲ್ಲೇನುಂಟು?" ಎಂದರು ನಮ್ಮವರು. ಕತ್ತೆಗಳುಂಟು, ನಮ್ಮ ಸವಣೂರಿನ ದೊಡ್ಡ ಹುಣಸೆ ಮರದ ಜಾತಿಯದೇ ಒಂದು ಹಳೇ ಮರ ಉಂಟು ಎಂದೆ. ಅತ್ತೆ ಮಾತ್ರ ನನ್ನ ಮುಖ ನೋಡಿ ಸುಮ್ಮನೆ ನಕ್ಕರು. ಅವರಿಗೆ ನನ್ನ ಕಾರಣ ಗೊತ್ತಿತ್ತು.

ಪುತ್ತೂರು, ಸುಳ್ಯದ ಕಡೆಯವರಿಗೆ ಸಿಲೋನಿನವರ ಕಾಲನಿಗಳು ಹೊಸತಲ್ಲ. ಶ್ರೀಲಂಕಾದ ಚಹಾ ತೋಟಗಳಿಂದ ಬಂದ ತಮಿಳು ಸಂಸಾರಗಳಿಗೆ ನಮ್ಮಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಿದರು. ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಒಬ್ಬ ಅಜ್ಜಿ ಅಲ್ಲಿಯವರೇ. ತುಳುವೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಸಿಟ್ಟು ಬಂದರೆ ಮಾತ್ರ ತಮಿಳು. ಹಟನ್ ಹತ್ತಿರದ ತೋಟವೊಂದರಲ್ಲಿ ಹುಟ್ಟಿ, ಹತ್ತು ವರ್ಷವಾದಾಗ ಹಡಗು ಹತ್ತಿ ಬಂದವರು. ತನ್ನ ಅಜ್ಜಿಯ ಹಿರಿಯರು ಮನ್ನಾರಿನಲ್ಲಿ ಇಳಿದು ಕಾಡಿನೊಳಗೆ ನಡೆದೇ ಬೆಟ್ಟಕ್ಕೆ ಹೋದರಂತೆ, ರಾತ್ರಿ ಬೆಂಕಿ ಹಾಕಿ ಕೂತು ಆನೆ ಕಾಯುತ್ತಿದ್ದರಂತೆ ಎಂದು ಅವರು ಸುಲಿಯುವ ಕತ್ತಿಯಿಂದ ಕಣ್ಣೆತ್ತದೆ ಹೇಳುತ್ತಿದ್ದರು. ಅದನ್ನೊಂದು ಅಜ್ಜಿಕತೆ ಎಂದೇ ನಾನು ಬಹಳ ವರ್ಷ ಕೇಳಿದ್ದೆ. ಆಮೇಲೆ ಪುಸ್ತಕಗಳನ್ನು ತೆಗೆದು ನೋಡಿದರೆ ಅದು ಇತಿಹಾಸವೇ ಆಗಿತ್ತು.

ವ್ಯಾನಿನಲ್ಲಿ ನಾವು ಐದು ಜನ: ನಾವಿಬ್ಬರು, ಅತ್ತೆ, ಮಗಳು, ಮಗ. ಓಡಿಸುವವರು ಐವತ್ತು ದಾಟಿದ ಒಬ್ಬ ಸಿಂಹಳದವರು. ಮೊದಲ ದಿನವೇ ಅವರು ನನ್ನನ್ನು 'ಅಕ್ಕ' ಎಂದು ಕರೆದಾಗ ನನಗೆ ಆಶ್ಚರ್ಯ. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ, ಅಮ್ಮ ಎಂದರೆ ಅಮ್ಮನೇ. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಚೂಡಾದಲ್ಲಿ ಮೊದಲ ಪಾಲು ಯಾವಾಗಲೂ ಅವರಿಗೇ ಹೋಗುತ್ತಿತ್ತು. ಹಿಂದಿನ ವರ್ಷ ಆ ದೇಶ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತದ್ದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವಲ್ಲ. ನಾವು ಹೋದಾಗಲೂ ಬಂಕಿನಲ್ಲಿ ಫೋನಿನ ಚೌಕಳಿ ಗುರುತು ತೋರಿಸಿ ವಾರದ ಪಾಲಿನಷ್ಟೇ ಎಣ್ಣೆ ಹಾಕಿಸಬೇಕಿತ್ತು.

ತಲೈಮನ್ನಾರಿನ ತುದಿಯಲ್ಲಿ ಹಳೆಯ ಹಡಗುಕಟ್ಟೆ ಮುರಿದು ಬಿದ್ದಿದೆ. ಸಮುದ್ರ ಅಲ್ಲಿ ಕೆರೆಯಂತೆ ತಣ್ಣಗಿದೆ. ಆಚೆ ದಡ ಧನುಷ್ಕೋಟಿ, ಹೆಚ್ಚೆಂದರೆ 30 ಕಿಲೋಮೀಟರು. 1914ರಲ್ಲಿ ಇಲ್ಲಿಗೆ ರೈಲೂ ಹಡಗೂ ಜೋಡಿಯಾಗಿ ಬಂದವು. ಮದ್ರಾಸಿನಲ್ಲಿ ಟಿಕೆಟು ಕೊಂಡವರು ನಡುವೆ ಒಂದು ಹಡಗು ದಾಟಿ ಕೊಲಂಬೊದಲ್ಲಿ ಇಳಿಯಬಹುದಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ನುಂಗಿದ ಮೇಲೂ ಹಡಗು ರಾಮೇಶ್ವರಕ್ಕೆ ಓಡಾಡುತ್ತಿತ್ತು. ನಮ್ಮ ಅಜ್ಜಿ ಬಂದದ್ದು ಅದರಲ್ಲೇ, 'ರಾಮಾನುಜಂ' ಎಂಬ ಹಡಗಿನಲ್ಲಿ. ಯುದ್ಧದ ಕಾಲದಲ್ಲಿ ಅದೂ ನಿಂತಿತು.

ಆದರೆ ನಾನು ನೋಡಬೇಕೆಂದದ್ದು ಅದಕ್ಕೂ ಹಿಂದಿನ ದಾರಿಯನ್ನು.

1815ರಲ್ಲಿ ಕ್ಯಾಂಡಿ ರಾಜ್ಯ ಇಂಗ್ಲಿಷರ ಕೈಗೆ ಬಿತ್ತು. 1820ರ ದಶಕದಲ್ಲಿ ಅಲ್ಲಿಯ ಬೆಟ್ಟಗಳಲ್ಲಿ ಕಾಫಿ ಹಾಕಲು ಶುರುಮಾಡಿದರು, 1840ರ ಹೊತ್ತಿಗೆ ಅದೊಂದು ಹುಚ್ಚಾಯಿತು. ಬೆಟ್ಟದ ಸಿಂಹಳ ರೈತರಿಗೆ ತಮ್ಮ ಗದ್ದೆ ಇತ್ತು. ಪರರ ತೋಟದಲ್ಲಿ ಕೂಲಿಗೆ ನಿಲ್ಲಲು ಅವರು ಒಪ್ಪಲಿಲ್ಲ. ಆಗ ಕಣ್ಣು ಹೋದದ್ದು ತಮಿಳುನಾಡಿನ ಬರಗಾಲದ ಊರುಗಳ ಕಡೆ: ತಿರುಚಿರಾಪಳ್ಳಿ, ಮಧುರೆ, ಪುದುಕೋಟೆ, ತಿರುನಲ್ವೇಲಿ. ಕಂಗಾಣಿ ಎಂಬ ಮೇಸ್ತ್ರಿ ಊರಿಗೆ ಬಂದು ಮುಂಗಡ ಸಾಲ ಕೊಟ್ಟು, ತನ್ನ ಜಾತಿಯವರನ್ನೂ ನೆಂಟರನ್ನೂ ಗುಂಪು ಕಟ್ಟಿ ಕರೆದೊಯ್ಯುತ್ತಿದ್ದ. ಚಿಕ್ಕ ದೋಣಿಗಳಲ್ಲಿ ಮನ್ನಾರಿನ ಕಡೆ ಇಳಿದವರಿಗೆ ಅಲ್ಲಿಂದ ಕ್ಯಾಂಡಿಗೆ ಸುಮಾರು 150 ಮೈಲಿ ಕಾಲುನಡಿಗೆ. ತಲೆಯ ಮೇಲೆ ಅಕ್ಕಿ, ಪಾತ್ರೆ. ಮುಂಗಡದ ಲೆಕ್ಕ ಕಂಗಾಣಿಯ ತಲೆಯಲ್ಲಿ.

ಆ ದಾರಿ ಈಗ ಒಳ್ಳೆಯ ಡಾಂಬರು ರಸ್ತೆ. ಮನ್ನಾರಿನಿಂದ ಮದವಚ್ಚಿಯ, ಮಿಹಿಂತಲೆ, ದಂಬುಲ್ಲ, ಮಾತಲೆ. ನಾವು ಹವಾನಿಯಂತ್ರಿತ ವ್ಯಾನಿನ ಕಿಟಕಿ ಮುಚ್ಚಿ, ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಹೋದೆವು. ಹೊರಗೆ ಮುಳ್ಳುಕಾಡು, ಸುಟ್ಟ ಹುಲ್ಲು, ಕೆಂಪು ಮಣ್ಣು. ಆಗಸ್ಟಿನಲ್ಲಿ ಆ ಸೀಮೆಗೆ ಮಳೆಯಿಲ್ಲ. ಮನ್ನಾರಿನ ಹತ್ತಿರ 'ದೈತ್ಯರ ಕೆರೆ' ಎಂದು ಇಂಗ್ಲಿಷರು ಹೆಸರಿಟ್ಟ ಪುರಾತನ ಕೆರೆಯ ಏರಿಯ ಮೇಲೆ ನಿಂತಾಗ ಬಕಗಳು ಸಾಲಾಗಿ ನಿಂತಿದ್ದವು, ನವಿಲುಗಳಂತೂ ನಮ್ಮೂರಿನ ಕಾಗೆಗಳ ಹಾಗೆ. ಒಂದು ದೊಡ್ಡ ಉಡ, ಮೊಸಳೆಯೇ ಇರಬೇಕು ಎನ್ನುವಷ್ಟು ಉದ್ದದ್ದು, ಯಾವ ಗಡಿಬಿಡಿಯೂ ಇಲ್ಲದೆ ರಸ್ತೆ ದಾಟಿತು. ಅದಕ್ಕೆ ಅಲ್ಲಿ ಕಬರಗೋಯ ಎನ್ನುತ್ತಾರೆ. ಮಗ ಚಿತ್ರ ತೆಗೆಯುವಷ್ಟರಲ್ಲಿ ನೀರಿಗಿಳಿಯಿತು.

ಇದೇ ದಾರಿಯಲ್ಲಿ ನಡೆದವರು ಎಷ್ಟು ಮಂದಿ ಸತ್ತರು ಎಂಬುದಕ್ಕೆ ಸರಿಯಾದ ಲೆಕ್ಕ ಯಾರೂ ಇಟ್ಟಿಲ್ಲ. 1849ರಲ್ಲಿ ಕೊಲಂಬೊದ ಒಂದು ಇಂಗ್ಲಿಷ್ ಪತ್ರಿಕೆ, 1841ರಿಂದ ಬಂದವರಲ್ಲಿ ಎಪ್ಪತ್ತು ಸಾವಿರ ಜನ, ಎಂದರೆ ನಾಲ್ಕರಲ್ಲೊಂದು ಪಾಲು, ಸತ್ತಿದ್ದಾರೆಂದು ಬರೆಯಿತು. ಆ ಸಂಖ್ಯೆ ಅತಿಯಾಯಿತು ಎಂದು ಆಮೇಲಿನ ಇತಿಹಾಸಕಾರರು ವಾದಿಸಿದ್ದಾರೆ. ಅತಿಯೇ ಇರಲಿ. ಕಾಲರಾ, ಸಿಡುಬು, ಕಾಡುಜ್ವರ, ಹಸಿವು ಇವುಗಳಲ್ಲಿ ಯಾವುದನ್ನೂ ಯಾರೂ ಅಲ್ಲಗಳೆದಿಲ್ಲ. ದಾರಿಯುದ್ದಕ್ಕೂ ಕೊಟ್ಟಿಗೆಯಂಥ ತಂಗುದಾಣ, ಆಸ್ಪತ್ರೆ ಎಂದು ಸರಕಾರ ಕಟ್ಟಿಸಿದ್ದು ಬಹಳ ತಡವಾಗಿ.

ಕಾಡುಪ್ರಾಣಿಗಳ ವಿಷಯ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಾವೂ ಅದಕ್ಕೇ ದುಡ್ಡು ಕೊಟ್ಟು ಹೋದವರು. ಎಮರ್ಸನ್ ಟೆನೆಂಟ್ ಎಂಬ ಅಧಿಕಾರಿ 1859ರಲ್ಲಿ ಸಿಲೋನಿನ ಬಗ್ಗೆ ಎರಡು ದಪ್ಪ ಸಂಪುಟ ಬರೆದ. ಸಿಡುಬಿನ ರೋಗಿಗಳ ವಾಸನೆಗೆ ಚಿರತೆ ಬರುತ್ತದೆ, ಆದ್ದರಿಂದ ಕಾಡಿನ ತಾತ್ಕಾಲಿಕ ಆಸ್ಪತ್ರೆಗಳಲ್ಲಿ ವೈದ್ಯರು ಎಚ್ಚರಿಕೆ ತೆಗೆದುಕೊಳ್ಳಬೇಕಾಗುತ್ತದೆ ಎಂದು ಅದರಲ್ಲಿದೆ. ವಾಸನೆಗೆ ಬರುತ್ತದೋ, ಎದ್ದು ಓಡಲಾರದ ಮನುಷ್ಯನನ್ನು ಕಂಡು ಬರುತ್ತದೋ, ಚಿರತೆಯನ್ನು ಕೇಳಿದವರಾರು? ಉಂಬಳಗಳ ಬಗ್ಗೆಯೂ ಬರೆದಿದ್ದಾನೆ. ತೋಟದ ಸಾಹೇಬರು ಉಂಬಳ ಹತ್ತದ ಹಾಗೆ ಕಾಲಿಗೆ ಬಟ್ಟೆಯ ಚೀಲ ಕಟ್ಟಿಕೊಳ್ಳುತ್ತಿದ್ದರಂತೆ; ಹೊರೆ ಹೊತ್ತು ಎರಡೂ ಕೈ ಖಾಲಿಯಿಲ್ಲದ ಕೂಲಿಗಳ ಕಾಲಿನಲ್ಲಿ ಅವು ಗೊಂಚಲು ಗೊಂಚಲಾಗಿ ಜೋತಾಡುತ್ತಿದ್ದವಂತೆ. ಮಳೆಗಾಲದಲ್ಲಿ ಮಲೆನಾಡಿನ ತೋಟಕ್ಕೆ ಇಳಿದ ನಮ್ಮಂಥವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮಗೆ ಸುಣ್ಣ, ಹೊಗೆಸೊಪ್ಪಿನ ಗಂಟು ಇತ್ತು, ಸಂಜೆ ಬಿಸಿನೀರೂ ಇತ್ತು.

ಮಿಹಿಂತಲೆಯ ಬೆಟ್ಟ ಹತ್ತಲು ಅತ್ತೆಗೆ ಆಗಲಿಲ್ಲ. ಕೆಳಗೆ ಮರದ ನೆರಳಿನಲ್ಲಿ ಕೂತರು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಜಿಂಕೆಯ ಬೆನ್ನು ಹತ್ತಿ ಬಂದ ದೇವಾನಾಂಪಿಯ ತಿಸ್ಸ ರಾಜನಿಗೆ ಅಶೋಕನ ಮಗ ಮಹಿಂದ ಎದುರಾದದ್ದು ಇಲ್ಲೇ ಎಂದು ನಂಬಿಕೆ. ಬೇಟೆ ಬಿಟ್ಟು ರಾಜ ಬೌದ್ಧನಾದ, ಸುತ್ತಲ ಕಾಡು ಪ್ರಾಣಿಗಳಿಗೆ ಅಭಯಧಾಮವಾಯಿತು. ಜಗತ್ತಿನ ಮೊದಲನೇ ಅಭಯಧಾಮ ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಕಾಫಿಯ ಕೂಲಿಗಳು ಈ ಬೆಟ್ಟದ ಬುಡದಲ್ಲೇ ಹಾದುಹೋದರು. ಅಭಯ ಯಾರಿಗಿತ್ತೋ.

ಆನೆ ನಮಗೆ ಎದುರಾದದ್ದು ಹಬರಣದ ಹತ್ತಿರ, ಸಂಜೆ ಆರೂವರೆಗೆ. ಕಾಡೊಳಗೆ ಅಲ್ಲ, ಟಿಕೆಟು ತೆಗೆದು ಜೀಪು ಹತ್ತಿದಾಗಲೂ ಅಲ್ಲ, ದೊಡ್ಡ ರಸ್ತೆಯಲ್ಲಿ. ಮುಂದಿನ ಲಾರಿ ನಿಂತಿತು, ನಮ್ಮವರೂ ನಿಂತರು. ಒಂದೇ ಒಂದು ಆನೆ, ರಸ್ತೆಯ ನಡುವೆ. ಅದಕ್ಕೆ ದಂತವಿರಲಿಲ್ಲ. "ಹೆಣ್ಣಾನೆಯಾ?" ಎಂದು ಅತ್ತೆ ಪಿಸುಗುಟ್ಟಿದರು. ಅಲ್ಲ, ಸಲಗವೇ, ಶ್ರೀಲಂಕಾದ ಗಂಡಾನೆಗಳಲ್ಲಿ ನೂರಕ್ಕೆ ಹತ್ತಕ್ಕೂ ದಂತವಿರುವುದಿಲ್ಲ. ದಂತವುಳ್ಳವನ್ನೆಲ್ಲ ಶತಮಾನಗಳಿಂದ ಹಿಡಿದು, ಕೊಂದು, ಬೇರೆ ದೇಶಗಳಿಗೆ ಮಾರಿದ್ದೂ ಅದಕ್ಕೊಂದು ಕಾರಣ ಎನ್ನುವವರಿದ್ದಾರೆ. ಚಾಲಕರು ಎಂಜಿನ್ ನಿಲ್ಲಿಸಲಿಲ್ಲ, ಹಾರನ್ ಹಾಕಲಿಲ್ಲ, ಗೇರನ್ನು ಹಿಂದಕ್ಕೆ ಹಾಕಿ ಕೈಯಿಟ್ಟುಕೊಂಡೇ ಕೂತರು. ಯಾತ್ರಿಕರು ಕನಿಕರಕ್ಕೆಂದು ಬಾಳೆಹಣ್ಣು ಎಸೆದೆಸೆದು ಕೆಲವು ಆನೆಗಳು ವಾಹನ ತಡೆದು ಕೇಳುವ ಅಭ್ಯಾಸ ಮಾಡಿಕೊಂಡಿವೆ ಎಂದು ಮೆಲ್ಲಗೆ ಹೇಳಿದರು. ಅತ್ತೆಯ ಕೈ ಅಷ್ಟರಲ್ಲಿ ಹಣ್ಣಿನ ಚೀಲದ ಮೇಲೆ ಹೋಗಿತ್ತು; ಹಿಂದಕ್ಕೆ ಬಂತು. ಆನೆ ಲಾರಿಯ ಗಾಜಿಗೆ ಸೊಂಡಿಲು ತಾಗಿಸಿ ಮೂಸಿತು, ಏನೂ ಸಿಗದೆ ಎಡಗಡೆಯ ಪೊದೆಗೆ ಇಳಿಯಿತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಮಗಳು ನನ್ನ ತೋಳು ಹಿಡಿದದ್ದರ ಗುರುತು ಮಾತ್ರ ಮರುದಿನವೂ ಇತ್ತು.

ಆ ರಾತ್ರಿ ನನಗೆ ಬಂದ ಯೋಚನೆ: ಈ ರಸ್ತೆ ಮೊದಲು ಯಾರದು? ಆನೆ ಬೆಟ್ಟ ಹತ್ತುವಾಗ ಏರು ಕಡಿಮೆಯಿರುವ ಜಾಗ, ಹೊಳೆ ದಾಟುವಾಗ ನೀರು ಕಡಿಮೆಯಿರುವ ಜಾಗವನ್ನೇ ಆರಿಸುತ್ತದೆ. ಇಂಗ್ಲಿಷರ ಕಾಲದಲ್ಲಿ ದಾರಿ ಹುಡುಕಿ ಹೊರಟವರು ಆನೆ ನಡೆದ ಜಾಡನ್ನೇ ಹಿಡಿದು ಹೋದದ್ದುಂಟು. ಜಾಡು ಆನೆಯದು, ಅದನ್ನು ಕಡಿದು ಅಗಲ ಮಾಡಿದ್ದು ಬಿಟ್ಟಿ ದುಡಿದ ಸಿಂಹಳ ರೈತರು (ಆ ಬಿಟ್ಟಿ ಚಾಕರಿಗೆ ರಾಜಕಾರಿಯ ಎನ್ನುತ್ತಿದ್ದರು, 1830ರ ದಶಕದ ಆರಂಭದಲ್ಲಿ ಅದನ್ನು ತೆಗೆದುಹಾಕಿದರು), ಆಮೇಲೆ ನಡೆದದ್ದು ತಮಿಳು ಕೂಲಿಗಳು. ರಸ್ತೆಯಾದ ಮೇಲೆ ಮಾತ್ರ ಆನೆಯೇ ಅಡ್ಡಬಂದದ್ದಾಯಿತು. ಆನೆಯ ಬಾಲ ತಂದವರಿಗೆ ಸರಕಾರ ಬಹುಮಾನ ಕೊಡುತ್ತಿತ್ತು. 1848ಕ್ಕೆ ಮೊದಲಿನ ಮೂರು ವರ್ಷಗಳೊಳಗೆ ಉತ್ತರ ಪ್ರಾಂತ್ಯದ ಒಂದು ಭಾಗದಲ್ಲೇ 3,500ಕ್ಕೂ ಹೆಚ್ಚು ಆನೆಗಳಿಗೆ ಬಹುಮಾನ ಸಂದಿತೆಂದು ಟೆನೆಂಟನೇ ಬರೆದಿದ್ದಾನೆ. 2011ರ ಗಣತಿಯಲ್ಲಿ ಇಡೀ ದ್ವೀಪದಲ್ಲಿ ಕಂಡದ್ದು 5,879.

ಇವತ್ತೂ ಜಗಳ ಮುಗಿದಿಲ್ಲ. ನಾವು ಹೋದ 2023ರಲ್ಲಿ ಆ ಚಿಕ್ಕ ದೇಶದಲ್ಲಿ 400ಕ್ಕೂ ಹೆಚ್ಚು ಆನೆಗಳು ಸತ್ತವು, ಆನೆಯಿಂದ 150ಕ್ಕೂ ಹೆಚ್ಚು ಜನ ಸತ್ತರು. 2025ರ ಫೆಬ್ರವರಿಯಲ್ಲಿ ಹಬರಣದ ಹತ್ತಿರವೇ ರೈಲು ಒಂದು ಹಿಂಡಿಗೆ ಬಡಿದು ಆರು ಆನೆಗಳು ಹೋದವು ಎಂದು ಓದಿದಾಗ ನನಗೆ ಆ ಸಂಜೆಯ ಪೊದೆ ನೆನಪಾಯಿತು.

ಮರುದಿನ ಮಿನ್ನೇರಿಯಕ್ಕೆ ಜೀಪಿನಲ್ಲಿ ಹೋದೆವು. ಮಹಾಸೇನ ರಾಜ ಸುಮಾರು 1,700 ವರ್ಷಗಳ ಹಿಂದೆ ಕಟ್ಟಿಸಿದ ಕೆರೆ. ಕಟ್ಟಿಸಿದವನನ್ನು ಆ ಊರಿನವರು ದೇವರೆಂದೇ ಪೂಜಿಸುತ್ತಾರೆ. ಬೇಸಗೆಯಲ್ಲಿ ಕೆರೆ ತಗ್ಗಿದಾಗ ಅಂಗಳದಲ್ಲಿ ಹಸಿ ಹುಲ್ಲು ಏಳುತ್ತದೆ, ಅದನ್ನು ಮೇಯಲು ಇನ್ನೂರು ಮುನ್ನೂರು ಆನೆಗಳು ಸೇರುತ್ತವೆ. ನಾವು ನೂರರವರೆಗೆ ಎಣಿಸಿ ಬಿಟ್ಟೆವು. ಮರಿಗಳನ್ನು ನಡುವೆ ಹಾಕಿಕೊಂಡು ಚಿಕ್ಕಮ್ಮ ದೊಡ್ಡಮ್ಮಂದಿರು ಸುತ್ತ ನಿಲ್ಲುವುದನ್ನು ನೋಡಿ ಅತ್ತೆ, ನಮ್ಮ ಕಡೆಯ ಮದುವೆ ಚಪ್ಪರವೇ ಎಂದರು. 2018ರಲ್ಲಿ ಮುಗಿದ ಮೊರಗಹಕಂದ ಜಲಾಶಯದ ನೀರನ್ನು ಈ ಕೆರೆಗೆ ಅಕಾಲದಲ್ಲಿ ಬಿಟ್ಟರೆ ಹುಲ್ಲು ಮುಳುಗಿ ಆನೆಗಳು ಊರಿನ ಕಡೆ ಹೊರಳುತ್ತವೆ ಎಂಬ ದೂರು ಅಲ್ಲಿದೆ. ಗದ್ದೆಗೂ ನೀರು ಬೇಕು, ಆನೆಗೂ ಹುಲ್ಲು ಬೇಕು. ಯಾರ ಪರ ವಹಿಸುವುದು?

ದಂಬುಲ್ಲ ದಾಟಿದ ಮೇಲೆ ಗಾಳಿ ತಂಪಾಗುತ್ತದೆ, ತೆಂಗು, ಮೆಣಸಿನ ಬಳ್ಳಿ, ಕೋಕೋ ಕಾಣುತ್ತವೆ. ಮಾತಲೆಯ ಮುತ್ತುಮಾರಿಯಮ್ಮನ ಗುಡಿಯ ಗೋಪುರ ಪೇಟೆಯ ನಡುವೆಯೇ ಎದ್ದಿದೆ. ಒಣ ಕಾಡು ಮುಗಿದು ಬೆಟ್ಟದ ಸೀಮೆ ಶುರುವಾಗುವುದು ಇಲ್ಲಿ. ಸಿಡುಬು ದಾಟಿ, ಆನೆ ದಾಟಿ ಬದುಕಿ ಬಂದವರು ಮಾರಿಗೆ ಕೈಮುಗಿಯದೆ ಇನ್ಯಾರಿಗೆ ಮುಗಿದಾರು? ಇನ್ನೂ ಒಂದು ವಿಷಯ: ನಾವು ತಲಪುವುದಕ್ಕೆ ಎರಡು ವಾರ ಮೊದಲು, ಜುಲೈ 28ರಿಂದ ಆಗಸ್ಟ್ 12ರವರೆಗೆ, ಬೆಟ್ಟನಾಡಿನ ತಮಿಳರು ತಮ್ಮವರು ಬಂದು 200 ವರ್ಷವಾದ ನೆನಪಿಗೆ ತಲೈಮನ್ನಾರಿನಿಂದ ಮಾತಲೆಗೆ ನಡೆದೇ ಬಂದಿದ್ದರು. ಹದಿನಾರು ದಿನ. ಸಿಂಹಳ ಹಳ್ಳಿಗಳಲ್ಲೂ ಜನ ಅವರಿಗೆ ನೀರು ಕೊಟ್ಟರು ಎಂದು ನಮ್ಮ ಚಾಲಕರು ಹೇಳಿದರು, ಹೇಳುವಾಗ ಸ್ವಲ್ಪ ಸಂತೋಷವಿತ್ತು.

ಕಾಫಿಯ ಕಾಲದಲ್ಲಿ ನಡೆದು ಬಂದವರು ಬಹುಮಟ್ಟಿಗೆ ಗಂಡಸರು. ಕೊಯ್ಲು ಮುಗಿಸಿ ಊರಿಗೆ ಮರಳುವವರೇ ಹೆಚ್ಚು. 1869ರಲ್ಲಿ ಕಾಫಿಗೆ ಎಲೆತುಕ್ಕು ಬಿತ್ತು. ಕೊಡಗು, ಚಿಕ್ಕಮಗಳೂರಿನವರಿಗೆ ಆ ರೋಗದ ಪರಿಚಯ ಚೆನ್ನಾಗಿಯೇ ಇದೆ. ಇಪ್ಪತ್ತು ವರ್ಷದೊಳಗೆ ಅಲ್ಲಿ ಕಾಫಿ ಎಂಬುದೇ ಎದ್ದುಹೋಯಿತು. ಜೇಮ್ಸ್ ಟೇಲರ್ ಎಂಬವನು 1867ರಲ್ಲಿ ಲೂಲೆಕಂದೆರದಲ್ಲಿ 19 ಎಕರೆಗೆ ಹಾಕಿದ್ದ ಚಹಾ ಎಲ್ಲ ಬೆಟ್ಟಗಳನ್ನೂ ಹತ್ತಿತು. ಚಹಾಕ್ಕೆ ವರ್ಷವಿಡೀ ಚಿಗುರು ಕೀಳಬೇಕು, ಅದಕ್ಕೆ ಹೆಂಗಸರ ಬೆರಳು ಬೇಕು. ಸಂಸಾರ ಸಮೇತ ಬಂದರು, ಉಳಿದರು. ಹತ್ತಡಿ ಹನ್ನೆರಡಡಿಯ ಸಾಲು ಕೋಣೆಗಳು. ನಮ್ಮ ಕಾಫಿ ತೋಟಗಳ ಲೈನ್ ಮನೆ ಕಂಡವರಿಗೆ ಇದೂ ಗೊತ್ತು. ತೋಟದ ಸಾಲದ ಚೀಟಿಯಿಲ್ಲದೆ ಬೇರೆ ತೋಟಕ್ಕೆ ಹೋಗುವಂತಿರಲಿಲ್ಲ. ಆ 'ತುಂಡು' ಚೀಟಿಯ ಪದ್ಧತಿ ರದ್ದಾದದ್ದು 1921ರಲ್ಲಿ. ಗಂಡಸಿನಷ್ಟೇ ಕೂಲಿ ಹೆಂಗಸಿಗೂ ಎಂದಾದದ್ದು 1984ರಲ್ಲಿ.

ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲೇ, ಹೊಸ ಕಾನೂನು ಇವರಲ್ಲಿ ಹೆಚ್ಚಿನವರನ್ನು ಯಾವ ದೇಶದವರೂ ಅಲ್ಲದವರನ್ನಾಗಿ ಮಾಡಿತು. 1964ರಲ್ಲಿ ಸಿರಿಮಾವೊ ಬಂಡಾರನಾಯಕೆ, ಲಾಲ್ ಬಹಾದೂರ್ ಶಾಸ್ತ್ರಿ ಕೂತು ಲೆಕ್ಕ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅರ್ಧರ್ಧ ಹಂಚಿದರು. ಒಂದೇ ಸಂಸಾರದಲ್ಲಿ ಅಕ್ಕ ಅಲ್ಲಿ, ತಂಗಿ ಇಲ್ಲಿ. ಅಲ್ಲುಳಿದವರ ಪೌರತ್ವದ ತೊಡಕು ಪೂರ್ತಿ ಬಿಡಿಸಿದ ಕಾನೂನು ಬಂದದ್ದು 2003ರಲ್ಲಿ. ಪುತ್ತೂರಿನ ಅಜ್ಜಿಗೆ ಅಂಥ ಒಬ್ಬ ಅಕ್ಕ ಇದ್ದರು. ಕಾಗದ ಕೆಲವು ವರ್ಷ ಬರುತ್ತಿತ್ತು, ಆಮೇಲೆ ನಿಂತಿತು.

ನುವರ ಎಲಿಯದಲ್ಲಿ ನಮ್ಮವರಿಗೆ ರೋಜರ್ಸ್ ಮೇಜರನ ಗೋರಿ ನೋಡಬೇಕಿತ್ತು. 1,400ಕ್ಕೂ ಹೆಚ್ಚು ಆನೆ ಕೊಂದವನೆಂದು ಖ್ಯಾತಿ. ಬದುಲ್ಲದ ಕಡೆ ರಸ್ತೆಗಳನ್ನು ಮಾಡಿಸಿದ ಅಧಿಕಾರಿಯೂ ಅವನೇ. 1845ರಲ್ಲಿ ಹಪುತಲೆಯಲ್ಲಿ ಸಿಡಿಲು ಬಡಿದು ಸತ್ತ. ಗೋರಿಕಲ್ಲು ಒಡೆದಿದೆ, ಅದಕ್ಕೂ ಸಿಡಿಲೇ ಬಡಿಯಿತು ಎಂದು ಊರವರು ಹೇಳುತ್ತಾರೆ. ಆ ಎತ್ತರದ ಬೆಟ್ಟಗಳಲ್ಲಿ ಈಗ ಆನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವನ ಹೆಸರು ಮಾತ್ರ ಕಲ್ಲಿನಲ್ಲಿದೆ.

ಚಿರತೆಗಳಿವೆ. ಚಹಾದ ಪೊದೆಗಳ ನಡುವಿನ ತುಂಡು ಕಾಡುಗಳಲ್ಲಿ ಅವು ಮರಿ ಹಾಕುತ್ತವೆ. ಹಂದಿಗೆಂದು ತರಕಾರಿ ಪಾತಿಯ ಸುತ್ತ ಇಟ್ಟ ತಂತಿ ಉರುಳಿಗೆ ಸಿಕ್ಕಿ ಸಾಯುತ್ತವೆ ಕೂಡ. 2020ರ ಮೇ ತಿಂಗಳಲ್ಲಿ ನಲ್ಲತಣ್ಣಿಯ ಹತ್ತಿರ ಸಿಕ್ಕಿದ್ದು ಅಪರೂಪದ ಕರಿ ಚಿರತೆ, ಅದೂ ಉಳಿಯಲಿಲ್ಲ.

ಹಟನ್ ದಾರಿಯಲ್ಲಿ ಒಂದು ತಿರುವಿನಲ್ಲಿ ವ್ಯಾನು ನಿಲ್ಲಿಸಿ ನಾನೂ ಮಗಳೂ ಇಳಿದೆವು. ಏಳೆಂಟು ಹೆಂಗಸರು ಇಳಿಜಾರಿನಲ್ಲಿ ಚಿಗುರು ಕೀಳುತ್ತಿದ್ದರು. ಹಣೆಗೆ ಪಟ್ಟಿ, ಬೆನ್ನಿಗೆ ಚೀಲ. ನನ್ನ ಹರಕು ತಮಿಳಿನಲ್ಲಿ ಮಾತಾಡಿಸಿದೆ. ದಿನಕ್ಕೆ 1,000 ರೂಪಾಯಿ, ಅಲ್ಲಿಯ ರೂಪಾಯಿ, ಅದೂ ಹೇಳಿದಷ್ಟು ಕಿಲೋ ತೂಗಿದರೆ. ಚಿರತೆಯ ಭಯವಿಲ್ಲವೇ ಎಂದು ಮಗಳು ಕೇಳಿಸಿದಳು. ನನ್ನ ವಯಸ್ಸಿನ ಒಬ್ಬಾಕೆ ನಕ್ಕು, ಚಿರತೆ ಅದರ ಪಾಡಿಗೆ ಹೋಗುತ್ತದೆ ಅಮ್ಮಾ, ನಮಗೆ ಭಯ ಇದರದು ಎಂದು ನೆರಳಿನ ಮರದ ಕೊಂಬೆ ತೋರಿಸಿದರು. ಕೊಡದಷ್ಟು ದೊಡ್ಡ ಕಣಜದ ಗೂಡು. ಗಾಳಿ ಬೀಸಿ ಕೊಂಬೆ ಅಲುಗಿದರೆ ಸಾಕು, ಮೇಲೆ ಬೀಳುತ್ತವೆ. ಚೀಲ ಬೆನ್ನಿಗೆ ಕಟ್ಟಿಕೊಂಡು ಆ ಇಳಿಜಾರಿನಲ್ಲಿ ಓಡುವುದೆಲ್ಲಿಗೆ? ಹಿಂದಿನ ವರ್ಷ ಇಬ್ಬರು ಆಸ್ಪತ್ರೆ ಸೇರಿದ್ದರಂತೆ. ಮಗಳ ಕೈಯಲ್ಲಿದ್ದ ಫೋನಿನ ಬೆಳಕು ಗೂಡಿನ ಕಡೆ ಹೋಗದ ಹಾಗೆ ಆಕೆ ತನ್ನ ಕೈಯಿಂದಲೇ ಕೆಳಗೆ ಮಾಡಿಸಿದರು, ಮೆತ್ತಗೆ ಮಾತಾಡಿ ಎಂದರು. ಕೆಳಗಿನ ಸಾಲಿನಿಂದ ಮೇಲ್ವಿಚಾರಕನ ಕೂಗು ಕೇಳಿತು. ಆಕೆ ಹಣೆಯ ಪಟ್ಟಿ ಸರಿಮಾಡಿಕೊಂಡು ಆ ಮರದ ಬುಡದ ಸಾಲಿಗೇ ಹೋದರು. ಅವರ ಪಾಲಿನ ಸಾಲು ಅದೇ ಆಗಿತ್ತು.